ಎರಡು ಬೆಂಕಿ ಕೂಡಿದ ಬಂಡೆ

ವಿಕಾರಿ ಸಂವತ್ಸರದ ಮಾಘ ಬಹುಳ ಏಕಾದಶಿ, ಗುರುವಾರ. ಅಂದು ಬೆಳಿಗ್ಗೆ ಇಬ್ಬನಿ ಬಿದ್ದಿರಲಿಲ್ಲ. ಆಕಾಶ ನಿರ್ಮಲವಾಗಿತ್ತು, ಮೂಡಲಿಂದ ಒಣಗಾಳಿ ಬೀಸುತ್ತಿತ್ತು. ಶ್ರೀ ಒರತೆಯಮ್ಮನವರ ಸನ್ನಿಧಿಗೆ ಬರುವ ಭಕ್ತರು ತಿಥಿಯ ಜೊತೆಗೆ ಆ ಗಾಳಿಯನ್ನೂ ನೆನಪಿಡಬೇಕು. ಆ ವಿಕಾರಿ ಯಾವ ಶತಮಾನದ್ದೆಂದು ಹೇಳಬಲ್ಲವರು ಈಗ ಯಾರೂ ಇಲ್ಲ.

ಆ ಕಾಲದಲ್ಲಿ ಈ ಸೀಮೆಯನ್ನು ಆಳುತ್ತಿದ್ದ ಕೆಂಚನಾಯಕನಿಗೆ ಹುಟ್ಟಿದ ಮಕ್ಕಳು ಉಳಿಯುತ್ತಿರಲಿಲ್ಲ. ಬೆಟ್ಟದ ನಡುವಿನ ಕಣಿವೆಯಲ್ಲಿ, ಹಗಲಲ್ಲೂ ಬಿಸಿಲು ಇಳಿಯದ ಹಸಿರು ಕಾಡಿನೊಳಗೆ, ಅಮ್ಮನವರ ಪಾದದ ಬಳಿ ಜಿನುಗುವ ಒರತೆಯ ನೀರನ್ನು ಕುಡಿಸಿದ ಮೇಲೆ ಐದನೆಯ ಕೂಸು ಬದುಕಿತು. ಆ ಸಂತೋಷದಲ್ಲಿ ನಾಯಕನು ಇಡೀ ಬೆಟ್ಟವನ್ನು ದೇವಿಗೆ ಅರ್ಪಿಸಿ, ಇನ್ನು ಮುಂದೆ ಅಲ್ಲಿ ಯಾರೂ ವಾಸಿಸಕೂಡದು, ಒಂದು ಕಡ್ಡಿಯನ್ನೂ ಮುರಿಯಕೂಡದು, ಬೆಟ್ಟಕ್ಕೆ ಬೆಂಕಿಯಿಟ್ಟವರ ಬಲಗೈಯನ್ನು ಕಡಿಯಲಾಗುವುದು ಎಂದು ಅಮ್ಮನ ಮುಂದೆ ಆಣೆಯಿಟ್ಟು ಸಾರಿಸಿದನು.

ಅವನ ಭಕ್ತಿಯಲ್ಲಿ ಕಪಟವಿರಲಿಲ್ಲ. ಆದರೆ ಬೆಟ್ಟದ ಮೇಲೆ ವಾಸವಾಗಿದ್ದ ಐದು ಹಾಡಿಗಳ ಜನ ತಲೆತಲಾಂತರದಿಂದ ಪುಷ್ಯಮಾಸದಲ್ಲಿ, ಉದುರಿದ ಎಲೆ ಇನ್ನೂ ಅರೆಹಸಿಯಾಗಿರುವಾಗ, ಬೆಳಗಿನ ಇಬ್ಬನಿ ಆರುವ ಹೊತ್ತು ನೋಡಿ, ಮೊಣಕಾಲೆತ್ತರಕ್ಕೂ ಏಳದ ಸಣ್ಣ ಬೆಂಕಿಯಿಂದ ತರಗನ್ನು ಅಲ್ಲಲ್ಲಿ ಸುಡುತ್ತಿದ್ದರು. ಯಾವ ಮಗ್ಗುಲನ್ನು ಈ ವರ್ಷ ಸುಡಬೇಕು, ಯಾವುದನ್ನು ಬಿಡಬೇಕು, ಯಾವ ಮರದ ಜೇನನ್ನು ಮುಟ್ಟಬಾರದು ಎಂಬುದನ್ನೆಲ್ಲ ಕೂತು ಗೊತ್ತುಮಾಡುತ್ತಿದ್ದರು. ಅವರಲ್ಲಿ ಒರತೆಯನ್ನು ನೋಡಿಕೊಳ್ಳುತ್ತಿದ್ದ ದುಂಡಮ್ಮನೆಂಬ ಹೆಂಗಸು ಅರಮನೆಯವರೆಗೆ ನಡೆದು ಹೋಗಿ ಇದನ್ನು ಅರಿಕೆ ಮಾಡಿದಳು.

"ದೇವಿಯ ಎಲೆಯನ್ನು ಸುಡುವುದೆ?" ಎಂದು ನಾಯಕನು ಕಿವಿ ಮುಚ್ಚಿಕೊಂಡನು.

ಜನರು ಇಳಿದು ಬಂದು ಬೆಟ್ಟದ ಬುಡದಲ್ಲಿ ಗುಡಿಸಲು ಹಾಕಿಕೊಂಡರು. ಆರು ವರ್ಷ ಯಾರೂ ಆಜ್ಞೆಯನ್ನು ಮೀರಲಿಲ್ಲ. ತರಗು ತೊಡೆಯೆತ್ತರ ಕೂಡಿತು. ಹುಲ್ಲು ಆಳೆತ್ತರ ಬೆಳೆದು, ನಿಂತಲ್ಲೇ ಒಣಗಿತು.

ಆ ಏಕಾದಶಿಯಂದು, ಬದುಕುಳಿದ ಆ ಮಗಳ ಹರಕೆ ತೀರಿಸಲು ನಾಯಕನು ಪರಿವಾರದೊಡನೆ ಬಂದನು. ದಾರಿ ತೋರಿಸಲು ದುಂಡಮ್ಮನನ್ನೂ ಅವಳ ತಮ್ಮ ಜಡಿಯನನ್ನೂ ಕರೆಸಿದ್ದರು. ಮೂಡಲ ಇಳಿಜಾರಿನಲ್ಲಿ ಶಿಖರವು ಮೊದಲು ಕಾಣುವ ಜಾಗದಲ್ಲಿ ನಾಯಕನು ನಿಂತು, ಧೂಪದ ಮಡಕೆಯನ್ನು ಬಲಗೈಯಲ್ಲೆತ್ತಿ, ಕೆಂಡದ ಮೇಲೆ ಸಾಂಬ್ರಾಣಿ ಸುರಿದನು. ಗಾಳಿ ಬೀಸಿತು. ಕಿಡಿ ಹಾರಿ ಹುಲ್ಲಿಗೆ ಬಿತ್ತು. ಅದನ್ನು ಎಲ್ಲರೂ ನೋಡಿದರು.

ಮಗುವನ್ನು ಹೊತ್ತವರು ಓಡಿ ಇಳಿದರು. ಉಳಿದವರು ಮೇಲಕ್ಕೆ ಓಡಿ, ಇಳಿಜಾರಿಗೆ ಅಡ್ಡವಾಗಿ ಮಲಗಿರುವ ಹಾಸುಬಂಡೆಯನ್ನು ಹತ್ತಿದರು. ಬಂಡೆಯ ಹಿಂದೆ ಕಣಿವೆಯ ಹಸಿರು ಕಾಡು, ಗುಡಿ, ಒರತೆ. ಆ ಒರತೆಯಿಂದ ಹುಟ್ಟುವ ಹಳ್ಳವನ್ನೇ ನಂಬಿದ್ದ ಏಳು ಊರು. ಮುಂದೆ ಬೆಂಕಿ. ಬುಡದ ಹಾಡಿಗಳ ಜನ ಹಸಿ ಸೊಪ್ಪು ಹಿಡಿದು ಆಗಲೇ ಓಡಿ ಬಂದಿದ್ದರು.

"ಬುದ್ಧೀ, ಬಂಡೆ ಅಂಚಿಂದ ನಾವೇ ಬೆಂಕಿ ಹಚ್ಚಬೇಕು. ನಮ್ಮದು ಮುಂದಕ್ಕೆ ಸುಟ್ಟುಕೊಂಡು ಹೋದರೆ ಅದಕ್ಕೆ ತಿನ್ನಾಕೆ ಏನೂ ಸಿಕ್ಕಲ್ಲ," ಎಂದಳು ದುಂಡಮ್ಮ.

"ಹಚ್ಚಿದವರ ಕೈ ಹೋಗುತ್ತದೆ. ಆಣೆ ಇಟ್ಟಿದ್ದೇನೆ," ಎಂದನು ನಾಯಕ.

"ಕೈ ಆಮೇಲೆ ತಗೊಳಿ ಬುದ್ಧೀ. ಈಗ ಅದಕ್ಕೆ ಕೆಲಸ ಅದೆ."

ಅವಳು ಬಂಡೆಯುದ್ದಕ್ಕೂ ಓಡುತ್ತ ಒಣಹುಲ್ಲಿಗೆ ಕೊಳ್ಳಿ ಮುಟ್ಟಿಸಿದಳು. ಬಂಡೆ ದಾಟಿ ಹಾರಿದ ಕಿಡಿಗಳನ್ನು ಜನ ಸೊಪ್ಪಿನಿಂದ ಬಡಿದು ಆರಿಸಿದರು. "ಬಡೀರೋ, ನೊಣ ಓಡಿಸ್ತಿದ್ದೀರಾ?" ಎಂದು ಜಡಿಯನು ಅರಮನೆಯ ಭಟರನ್ನು ಗದರಿದನು, ಅವರೂ ಬಡಿದರು. ಅವಳು ಹಚ್ಚಿದ ಬೆಂಕಿ ಮೊದಲು ತೆವಳಿತು. ದೊಡ್ಡದು ಸಮೀಪಿಸಿದಂತೆ ಅದರ ಸೆಳೆತಕ್ಕೆ ಸಿಕ್ಕಿ ಎದ್ದು ನುಗ್ಗಿತು. ಎರಡು ಬೆಂಕಿಗಳೂ ಬಂಡೆಯ ಮುಂದೆ ಕೂಡಿ, ತಾಳೆಮರದೆತ್ತರಕ್ಕೆ ಒಮ್ಮೆ ಎದ್ದು, ಮೇಯಲು ಏನೂ ಇಲ್ಲದೆ ಕುಸಿದವು. ಕಣಿವೆಯ ಒಂದೆಲೆಯೂ ಬಾಡಲಿಲ್ಲ. ಹೆಂಗಸರು ಕೂತಲ್ಲೇ ಅತ್ತರು, ನಕ್ಕರು.

ಹೊತ್ತು ಇಳಿಯುವಾಗ ದುಂಡಮ್ಮ ತಾನಾಗಿಯೇ ಬಂದು ಬಲಗೈಯನ್ನು ಬಂಡೆಯ ಮೇಲಿಟ್ಟಳು. ಭಟನೊಬ್ಬನು ಕತ್ತಿ ಹಿಡಿದು ನಾಯಕನ ಮುಖ ನೋಡಿದನು.

ಜಡಿಯನು ಮುಂದೆ ಬಂದನು. "ಬುದ್ಧೀ, ನಮ್ಮಕ್ಕ ಹಚ್ಚಿದ್ದು ಎರಡನೇ ಬೆಂಕಿ. ಮೊದಲನೇದು ಯಾರದು?"

"ಸುಮ್ಕಿರ್ಲಾ," ಎಂದಳು ಅಕ್ಕ.

ಕೆಂಚನಾಯಕನು ಬೆರಳಿನ ಉಂಗುರಗಳನ್ನು ಕಳಚಿ, ದುಂಡಮ್ಮನ ಕೈಯನ್ನು ಮೆಲ್ಲನೆ ಸರಿಸಿ, ಆ ಜಾಗದಲ್ಲಿ ತನ್ನ ಬಲಗೈಯನ್ನಿಟ್ಟು, ಕಣ್ಣು ಮುಚ್ಚಿ, "ಮೊದಲು ಇದು," ಎಂದನು. ಭಟನು ಕತ್ತಿಯನ್ನು ನೆಲಕ್ಕೆ ಹಾಕಿ ಹಿಂದೆ ಸರಿದನು.

ಆಗ ಗಾಳಿ ನಿಂತಿತು. ಕಣಿವೆಯೊಳಗಿನ ಗುಡಿಯಿಂದ, ಒರತೆಯ ಸದ್ದಿಗಿಂತ ದೊಡ್ಡದಲ್ಲದ ದನಿಯಲ್ಲಿ, ಈ ವಾಕ್ಯ ಎಲ್ಲರಿಗೂ ಕೇಳಿಸಿತು:

"ಮಗುವನ್ನು ಉಳಿಸಿಕೊಟ್ಟ ನಾನು ನಿನ್ನ ಕೈಯನ್ನು ಬೇಡುವವಳಲ್ಲ. ನಿನ್ನ ಆಣೆಯಿಂದ ನಿನ್ನನ್ನು ಬಿಡಿಸಿದ್ದೇನೆ. ಈ ಜನರಿಲ್ಲದೆ ಆರು ವರ್ಷ ನಾನು ಒಣಗಿದ ಎಲೆಯ ನಡುವೆ ಹೆದರಿ ಕೂತಿದ್ದೆ. ಇವರನ್ನು ಮೇಲಕ್ಕೆ ಕರೆ. ಬೆಟ್ಟದ ಮಾತು ಇವರು ಕೂತು ಆಡಲಿ. ನೀನು ನಾಳೆ ಇವರು ಹೇಳಿದ ಕೆಲಸ ಮಾಡು."

ಜನ ಮೇಲಕ್ಕೆ ಹೋದರು. ಅಂದಿನಿಂದ ಇಂದಿನವರೆಗೆ ಬೆಟ್ಟದ ತೀರ್ಮಾನಗಳೆಲ್ಲ ಐದು ಹಾಡಿಯವರು ಸೇರಿ ಈ ಬಂಡೆಯ ಮೇಲೆ ಆಗುತ್ತವೆ. ಬಂಡೆಯ ಮೂಡಲ ಮಗ್ಗುಲು ಕಪ್ಪಾಗಿರುವುದನ್ನೂ ಪಡುವಲ ಮಗ್ಗುಲಲ್ಲಿ ಪಾಚಿ ಹಸಿರಾಗಿರುವುದನ್ನೂ ಭಕ್ತರು ನೋಡಬಹುದು. ಪುಷ್ಯದಲ್ಲಿ ತರಗಿನ ಹಬ್ಬದ ದಿನ ಅರ್ಚಕರು ಗರ್ಭಗುಡಿಯ ದೀಪವನ್ನು ತಂದು ಹಾಡಿಯ ಹಿರಿಯಳ ಕೈಗೆ ಕೊಡುತ್ತಾರೆ. ಮೊದಲ ಎಲೆಯನ್ನು ಅವಳು ಹಚ್ಚುತ್ತಾಳೆ. ದರ್ಶನಕ್ಕೆ ಬಂದವರು ಯಾರೇ ಆಗಲಿ, ಒಂದು ಮಾರಿನಷ್ಟು ತರಗು ಗುಡಿಸಿಯೇ ಗುಡಿಗೆ ಹೋಗಬೇಕು.

ಬಂಡೆಯ ತುದಿಯಲ್ಲಿ ಕೆಂಚನಾಯಕನ ಕಲ್ಲಿನ ಮೂರ್ತಿಯಿದೆ. ತೆರೆದು ಹಿಡಿದ ಬಲಗೈಯ ಅಂಗೈಯಲ್ಲಿ ಉಬ್ಬಿ ನಿಂತ ಮೂರು ಸಣ್ಣ ಗುಬುಟುಗಳಿವೆ. ಅವು ದೇವಿಗೆ ಒಪ್ಪಿಸಿದ ರತ್ನಗಳೆಂದು ಹಲವರು ತಿಳಿಯುತ್ತಾರೆ. ಹಾಡಿಯವರನ್ನು ಕೇಳಿದರೆ ನಡೆದದ್ದನ್ನು ಹೇಳುತ್ತಾರೆ. ಮಾರನೆಯ ದಿನ ನಾಯಕನು ಬೆಳಗಿನಿಂದ ಸಂಜೆಯವರೆಗೆ ಕಡ್ಡಿಪೊರಕೆ ಹಿಡಿದು ಕಾಡಿನ ಅಂಚಿನ ತರಗನ್ನು ಗುಡಿಸಿದನು. ಸಂಜೆ ದುಂಡಮ್ಮ ಅವನ ಕೈ ಹಿಡಿದು ನೋಡಿ, "ಕತ್ತಿ ಹಿಡಿಯೋ ಕೈ ಅಂತಾರೆ, ಇಷ್ಟು ಮೆತ್ತಗಾ ಬುದ್ಧೀ?" ಎಂದು ಜೇನು ಸವರಿದಳಂತೆ.

ಆ ಆಣೆಗೆ ಅವನ ಬಲಗೈ ತೆತ್ತದ್ದು ಮೂರು ಬೊಬ್ಬೆ.