ಬರಿಗಲ್ಲು ತಿರುಗಿಸಿದವಳು

“ಗುರುಗಳೇ, ಮನಸ್ಸನ್ನು ಕಲ್ಲು ಮಾಡಿಕೊಳ್ಳುವುದು ಹೇಗೆ?” ಎಂದು ಚನ್ನಮಲ್ಲನು ಕೇಳಿದನು.

ಅವನು ಮನೆ ಬಿಟ್ಟು ಮಠಕ್ಕೆ ಬಂದು ಆರು ವರ್ಷಗಳಾಗಿದ್ದವು. ಆ ದಿನ ಬೆಳಿಗ್ಗೆ ಅವನ ಅಕ್ಕ ಜೋಳದ ಹಿಟ್ಟಿನ ಗಂಟನ್ನು ತಲೆಯ ಮೇಲೆ ಹೊತ್ತು ನಡೆದು ಬಂದು, ಮಠದ ಹೊರಬಾಗಿಲ ಕಟ್ಟೆಯ ಮೇಲೆ ಕುಳಿತಿದ್ದಳು. ತಾಯಿಯಿಲ್ಲದ ತಮ್ಮನನ್ನು ಸಾಕಿದವಳು ಅವಳೇ. ಊರವರ ಕಾಳು ಬೀಸಿಕೊಟ್ಟು ಸಾಕಿದ್ದಳು. ಹಿಟ್ಟನ್ನು ಒಳಗೆ ತೆಗೆದುಕೊಂಡು ಅವಳನ್ನು ಊರಿಗೆ ಕಳಿಸಿಬಿಡಿರಿ ಎಂದು ಚನ್ನಮಲ್ಲನು ಅಡುಗೆಯವನಿಗೆ ಹೇಳಿದ್ದನು. ಹಿಟ್ಟು ಒಳಗೆ ಬಂದಿತು. ಅಕ್ಕ ಎದ್ದು ಹೋಗಲಿಲ್ಲ. ಮಧ್ಯಾಹ್ನಕ್ಕೆ ಅದೇ ಹಿಟ್ಟಿನ ರೊಟ್ಟಿಯಾಯಿತು. ಚನ್ನಮಲ್ಲನು ಉಂಡು ಕೈ ತೊಳೆದನು. ಅಕ್ಕ ಇನ್ನೂ ಕುಳಿತೇ ಇದ್ದಳು.

“ಕಲ್ಲೇ ಏಕೆ?” ಎಂದು ಗುರುಗಳು ಕೇಳಿದರು.

“ಕಲ್ಲು ಯಾರಿಗೂ ಸೇರಿದ್ದಲ್ಲ. ಅದು ಯಾರಿಂದಲೂ ಏನನ್ನೂ ಪಡೆಯುವುದಿಲ್ಲ, ಯಾರಿಗೂ ಏನನ್ನೂ ಕೊಡುವುದಿಲ್ಲ. ಇದ್ದಂತೆಯೇ ಇರುತ್ತದೆ.”

ಗುರುಗಳು ಈ ಕತೆಯನ್ನು ಹೇಳಿದರು.

ಒಂದು ಊರಿನಲ್ಲಿ ಒಂದು ಮನೆ. ಆ ಮನೆಯ ಅಡುಗೆಕೋಣೆಯ ಮೂಲೆಯಲ್ಲಿ ಒಂದು ಕರಿಯ ಬೀಸುಕಲ್ಲು. ಆ ಮನೆಗೆ ಒಬ್ಬ ಸೊಸೆ ಬಂದಳು. ಹೊಸಿಲು ದಾಟಿದ ಮೇಲೆ ಅವಳ ಕೈಯಿಂದ ಅರಿಸಿನ ಕುಂಕುಮ ಹಚ್ಚಿಸಿದ್ದು ಮೊದಲು ಬೀಸುಕಲ್ಲಿಗೆ, ಆಮೇಲೆ ದೇವರಿಗೆ. ಅತ್ತೆಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಅವಳು ಲೋಕವನ್ನು ಕೈಯಿಂದಲೇ ನೋಡುತ್ತಿದ್ದಳು. ಸೊಸೆಯ ಅಂಗೈಯನ್ನು ಹಿಡಿದು ಕಲ್ಲಿನ ಮೇಲಿರಿಸಿ ಹೇಳಿದಳು:

“ಏಳು ತಲಿ ಬೀಸಿದ ಕಲ್ಲವ್ವಾ ಇದು. ಸವದಿಲ್ಲ, ಸವಿಯೂದೂ ಇಲ್ಲ. ಇದು ಇರೂತನಕ ಈ ಮನಿ ಇರತೈತಿ. ಒಂದು ಮಾತು ನೆನಪಿಟ್ಟುಕೋ. ಬರಿಗಲ್ಲು ಮಾತ್ರ ತಿರುಗಿಸಬ್ಯಾಡ. ಕಾಳಿಲ್ಲದ ಕಲ್ಲು ತಿರುಗಿಸಿದಾಕಿಗೆ ಈ ಮನ್ಯಾಗ ಬಾಳಿಲ್ಲ.”

ಸೊಸೆ ಆಗಲಿ ಎಂದಳು. ನಸುಕಿನಲ್ಲಿ ಎದ್ದು ಬೀಸುವುದು, ಬಿಸಿಲೇರುವ ಮೊದಲು ರೊಟ್ಟಿ ಬಡಿಯುವುದು ಅವಳ ಪಾಲಿಗೆ ಬಂದವು. ಆ ಮನೆಯ ರೊಟ್ಟಿಗೆ ತವರಿನ ರೊಟ್ಟಿಗಿಲ್ಲದ ಒಂದು ರುಚಿಯಿತ್ತು. ಹೊಸ ಮಡಕೆಯ ನೀರಿಗಿರುವಂಥ ರುಚಿ. ಜೋಳ ಅದೇ ಜೋಳ, ಕೈ ಅದೇ ಕೈ. ಆದರೂ ರುಚಿ ಬೇರೆ. ಮೊದಲ ದಿನಗಳಲ್ಲಿ ಅದು ಅವಳಿಗೆ ಒಗ್ಗಲಿಲ್ಲ. ಆರು ತಿಂಗಳಲ್ಲಿ ಒಗ್ಗಿತು. ವರ್ಷ ಕಳೆಯುವುದರೊಳಗೆ ತವರಿಗೆ ಹೋದಾಗ ಅಲ್ಲಿಯ ರೊಟ್ಟಿಯೇ ಸಪ್ಪೆಯೆನಿಸಿತು.

ಸುಗ್ಗಿ ಮುಗಿದ ಮೇಲೆ ಊರಿಗೆ ಕಲ್ಲುಕುಟಿಗರು ಬಂದು ಹೊಳೆಯ ದಂಡೆಯಲ್ಲಿ ಬಿಡಾರ ಹೂಡುವುದು ವಾಡಿಕೆ. ಬೀಸಿ ಬೀಸಿ ನುಣುಪಾದ ಕಲ್ಲಿಗೆ ಚಾಣವೆಂಬ ಉಳಿಯಿಂದ ಚುಚ್ಚಿ, ಕಾಳು ಹಿಡಿಯುವಂಥ ಹೊಸ ಮುಳ್ಳು ಹಾಕಿಕೊಡುತ್ತಿದ್ದರು. ಆ ವರ್ಷ ಆ ಮನೆಗೆ ಬಂದವಳು ಅವರಲ್ಲಿ ಎಲ್ಲರಿಗಿಂತ ಹಿರಿಯಳಾದ ಒಬ್ಬ ಮುದುಕಿ.

“ನಿಮ್ಮ ಕಲ್ಲಿನ ಹಲ್ಲು ಉದುರ್ಯಾವೇನ ಯವ್ವಾ, ಕಟ್ಟಿಕೊಡಲೇನು?” ಎಂದು ಬಾಗಿಲಲ್ಲಿ ನಿಂತು ಕೂಗಿದಳು.

“ಮೊದಲ ನಿನ್ನ ಬಾಯಾಗಿನ ಹಲ್ಲು ಎಣಿಸಿಕೋ. ಆಮ್ಯಾಲ ನನ್ನ ಕಲ್ಲಿನ ಬಾಯಿಗೆ ಬರುವಿಯಂತ,” ಎಂದಳು ಅತ್ತೆ.

ಮುದುಕಿ ಉಳಿದಿದ್ದ ಎರಡು ಹಲ್ಲು ತೋರಿಸಿ ನಕ್ಕಳು. ಒಳಗೆ ಬಂದು ಕುಳಿತು, ಮೇಲಿನ ಕಲ್ಲನ್ನು ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟಳು. ಮತ್ತೊಮ್ಮೆ ತಟ್ಟಿದಳು. ತೆಗೆದ ಚಾಣವನ್ನು ಚೀಲದೊಳಗೆ ಹಾಕಿಕೊಂಡಳು.

“ಇದಕ್ಕ ನಾ ಚಾಣ ಮುಟ್ಟಿಸೂದಿಲ್ಲ. ಒಡೀತೈತಿ. ಎರಡು ಬೆರಳು ಉಳದೈತಿ ನೋಡು. ನಮ್ಮ ಹಿರ್ಯಾರು ಈ ಮನಿಗೆ ಕೊಟ್ಟಾಗ ಗೇಣುದ್ದ ದಪ್ಪ ಇತ್ತು.”

“ಸುಳ್ಳು ಹೇಳಬ್ಯಾಡ. ಅಷ್ಟು ಕಲ್ಲು ಎಲ್ಲಿಗೆ ಹೋಗತೈತಿ? ಕಲ್ಲಿಗೇನು ಕಾಲು ಬಂದಾವ?”

“ಎಲ್ಲಿಗೂ ಹೋಗಿಲ್ಲವ್ವಾ,” ಎಂದಳು ಮುದುಕಿ. “ಉಂಡೀರಿ.”

ಅತ್ತೆ ಕೆಮ್ಮು ಬರುವಷ್ಟು ನಕ್ಕಳು. ಮುದುಕಿಯೂ ನಕ್ಕು, ಒಂದು ಬೊಗಸೆ ಜೋಳ ಹಾಕಿಸಿಕೊಂಡು ಹೊರಟುಹೋದಳು. ಸೊಸೆಗೆ ಮಾತ್ರ ನಗು ಬರಲಿಲ್ಲ. ಅವಳ ಕೈ ತನ್ನಷ್ಟಕ್ಕೆ ಹೊಟ್ಟೆಯ ಮೇಲೆ ಹೋಯಿತು. ಆಗ ಅವಳಿಗೆ ಐದು ತಿಂಗಳು.

ಅಂದಿನಿಂದ ಅವಳಿಗೆ ತುತ್ತು ಇಳಿಯದಂತಾಯಿತು. ಗಂಡ ರೊಟ್ಟಿ ಅಗಿಯುವಾಗ ಅವನ ದವಡೆಯನ್ನೇ ನೋಡುತ್ತಿದ್ದಳು. ಅತ್ತೆಯ ಮೊಣಕೈ ನೆಲಕ್ಕೆ ತಾಗಿದರೆ ಕಲ್ಲಿನ ಸದ್ದು ಬಂದೀತೇ ಎಂದು ಕಿವಿಗೊಡುತ್ತಿದ್ದಳು. ಒಂದು ಗೇಣು ಕಲ್ಲು. ಏಳು ತಲೆಮಾರಿನ ಜನ. ಯಾರೊಳಗೆ ಎಷ್ಟು ಹೋಯಿತು? ತನ್ನೊಳಗೆ ಎಷ್ಟು ಬಂದಿತು? ತನ್ನೊಳಗಿರುವುದರೊಳಗೆ?

ಮುಂದಿನ ವಾರ ಅತ್ತೆ ಮೂರು ದಿನಕ್ಕೆಂದು ಮಗಳ ಊರಿಗೆ ಹೋದಳು. ಗಂಡ ಹೊಲಕ್ಕೆ ಹೋದನು. ನಡುಮಧ್ಯಾಹ್ನ, ಬೀದಿಯಲ್ಲಿ ನಾಯಿಯೂ ಇಲ್ಲದ ಹೊತ್ತು. ಸೊಸೆ ಬೀಸುಕಲ್ಲನ್ನು ಒದ್ದೆಬಟ್ಟೆಯಿಂದ ಒರೆಸಿ ಒಣಗಿಸಿದಳು. ಸುತ್ತಲೂ ಬಿಳಿಯ ಸೀರೆಯ ತುಂಡನ್ನು ಹಾಸಿದಳು. ಗೂಟ ಹಿಡಿದು ಬರಿಗಲ್ಲನ್ನು ತಿರುಗಿಸಿದಳು.

ಕಾಳಿಲ್ಲದ ಕಲ್ಲಿನ ದನಿಯನ್ನು ಅವಳು ಹಿಂದೆ ಕೇಳಿರಲಿಲ್ಲ. ಅದು ಕಲ್ಲಿಗೆ ಕಲ್ಲು ಉಜ್ಜುವ ದನಿಯಂತೆ ಇರಲಿಲ್ಲ. ಬಹಳ ಜನ ಒಟ್ಟಿಗೆ ಕುಳಿತು, ಬಾಯಿ ಮುಚ್ಚಿಕೊಂಡು ಅಗಿಯುವ ದನಿಯಂತೆ ಇತ್ತು. ಅವಳು ನೂರು ಸುತ್ತು ಎಣಿಸಿ ಗೂಟವನ್ನು ಬಿಟ್ಟಳು. ಕಲ್ಲು ಇನ್ನೂ ಅರ್ಧ ಸುತ್ತು ತಾನಾಗಿ ತಿರುಗಿ ನಿಂತಿತು.

ಬಿಳಿಯ ಬಟ್ಟೆಯ ಮೇಲೆ ಕಲ್ಲಿನ ಸುತ್ತಲೂ ಬೂದುಬಣ್ಣದ ತೆಳುವಾದ ಒಂದು ಗೆರೆ ಬಿದ್ದಿತ್ತು. ಅವಳು ಬೆರಳಿನಿಂದ ತೆಗೆದು ನಾಲಿಗೆಗೆ ಹಚ್ಚಿಕೊಂಡಳು. ಹೊಸ ಮಡಕೆಯ ನೀರಿನ ರುಚಿ.

ಮೇಲಿನ ಕಲ್ಲನ್ನು ಎತ್ತಲು ಕೈ ಹಾಕಿದಳು. ಅದು ಒಣರೊಟ್ಟಿ ಮುರಿದಂತೆ ಎರಡು ಹೋಳಾಗಿ ಅವಳ ಕೈಯಲ್ಲಿ ಉಳಿಯಿತು.

ಬಾಳಿಲ್ಲ ಎಂಬ ಮಾತು ಅವಳ ಕಿವಿಯಲ್ಲಿತ್ತು. ಅತ್ತೆ ಹೇಳಿದ್ದನ್ನು ಮಾಡದೆ ಬಿಡುವವಳಲ್ಲ. ತವರಿಗೆ ಅಟ್ಟಿದರೆ ಹೊಟ್ಟೆಯ ಕೂಸು ಯಾವ ಮನೆಯ ಕೂಸಾಗಿ ಹುಟ್ಟಬೇಕು? ಅವಳು ಹೋಳುಗಳನ್ನು ಬುಟ್ಟಿಯಲ್ಲಿಟ್ಟು, ಮೇಲೆ ಸೆರಗು ಮುಚ್ಚಿ, ಹೊಳೆಯ ದಂಡೆಗೆ ನಡೆದಳು.

ಮುದುಕಿ ಬುಟ್ಟಿಯೊಳಗೆ ನೋಡಲಿಲ್ಲ. ಸೊಸೆಯ ಮುಖವನ್ನು ನೋಡಿದಳು.

“ತಿರುಗಿಸಿದೇನು?”

“ತಿರುಗಿಸಿದೆ.”

“ಬರಿದ?”

“ಬರಿದ.”

“ಹಂಗಾರ ಅರ್ಧ ಕಂಡೀ. ಬಾ, ಇನ್ನರ್ಧ ತೋರಸ್ತೀನಿ.”

ಊರವರು ಸತ್ತವರನ್ನು ಮಣ್ಣು ಮಾಡುವ ನೆಲ ಹೊಳೆಯ ತಿರುವಿನಲ್ಲಿತ್ತು. ಪ್ರತಿ ಮಳೆಗಾಲವೂ ಹೊಳೆ ಅದರ ಅಂಚನ್ನು ಕೊರೆಯುತ್ತಿತ್ತು. ಕೊರೆದ ಕಡೆ ದಂಡೆ ಗೋಡೆಯಂತೆ ನಿಂತಿತ್ತು. ಮೇಲೆ ಸಡಿಲ ಮಣ್ಣು. ಅದರ ಕೆಳಗೆ ಮರಳು. ಮರಳಿನ ಕೆಳಗೆ ಪದರ ಪದರವಾದ ಕೆಂಪುಕಲ್ಲು. ಸೊಸೆ ಅಲ್ಲಿ ಬಟ್ಟೆ ಒಗೆದಿದ್ದಳು, ನೀರು ತುಂಬಿದ್ದಳು. ಅದನ್ನು ಗೋಡೆಯೆಂದು ಎಂದೂ ನೋಡಿರಲಿಲ್ಲ.

ಮುದುಕಿ ಬುಟ್ಟಿಯಿಂದ ಕರಿಯ ಹೋಳನ್ನು ಎತ್ತಿ ಹಿಡಿದಳು.

“ಇದು ಒಂದು ಕಾಲಕ್ಕ ನೆಲದ ಒಡಲಾಗ ಕುದಿಯೂ ಅಂಬಲಿ ಆಗಿತ್ತು. ಉಕ್ಕಿ ಬಂತು, ಆರಿತು, ಕಲ್ಲಾತು. ನಾವು ಕಡದ್ವಿ, ನೀವು ಉಂಡ್ರಿ. ಉಂಡವರು ಇಲ್ಲಿ ಮಲಗ್ಯಾರ. ಮಳಿ ಬಂದು ಅವರನ್ನ ಹೊಳಿಗೆ ಇಳಸತೈತಿ. ಅಂಬಲಿ ಗಡಿಗಿ ತಳಕ್ಕ ಹಿಟ್ಟು ಕೂತಂಗ, ನೀರಿನ ತಳಕ್ಕ ಕೂಡತಾರ. ಅವರ ಮ್ಯಾಲ ಇನ್ನೊಂದು ಪದರು, ಅದರ ಮ್ಯಾಲ ಮತ್ತೊಂದು. ಭಾರಕ್ಕ ಗಟ್ಟಿ ಆಕ್ಕಾರ. ಇಗಾ, ಈ ಕೆಂಪುಕಲ್ಲು.”

“ಎಲ್ಲಾರಕಿಂತ ತಳದಾಗ ಇರೂವರು?” ಎಂದು ಸೊಸೆ ಕೇಳಿದಳು.

“ತಳದಾಗ ಬೆಂಕಿ ಐತಿ. ಹಂಚಿನ ಮ್ಯಾಲ ಹಾಕಿದ ಹಿಟ್ಟು ರೊಟ್ಟಿ ಆಗೂದಿಲ್ಲೇನು? ಹಂಗ ಬೇಯತಾರ. ಹೆಸರೂ ಬ್ಯಾರೆ, ಬಣ್ಣಾನೂ ಬ್ಯಾರೆ. ಇನ್ನೂ ಕೆಳಗ ಜಾರಿದರ ಮತ್ತ ಅಂಬಲಿ.”

“ಅದಕ್ಕ ಎಷ್ಟು ದಿನ ಹಿಡಿತೈತಿ?”

“ಅವಸರ ನಿನಗ. ಅದಕ್ಕೆಲ್ಲಿ ಅವಸರ?”

ಮುದುಕಿ ದಂಡೆಯಿಂದ ಕಳಚಿಬಿದ್ದಿದ್ದ ಒಂದು ಕೆಂಪುಕಲ್ಲಿನ ದೊಡ್ಡ ಗುಂಡನ್ನು ಆಯ್ದುಕೊಂಡು, ಚಾಣವಿಟ್ಟು ಸುತ್ತಿಗೆಯಿಂದ ಹೊಡೆದಳು. ಅದು ಎರಡಾಗಿ ತೆರೆಯಿತು. ಒಂದು ಭಾಗದ ನಡುವೆ, ಕೆಂಪುಕಲ್ಲಿನೊಳಗೆ, ಅಂಗೈಯಗಲದ ಒಂದು ಕರಿಯ ತುಂಡು ಹುದುಗಿತ್ತು. ಅದರ ಅಂಚು ನೀರಿಗೆ ಸವೆದು ದುಂಡಾಗಿತ್ತು. ಒಂದು ಮುಖದ ಮೇಲೆ ಚಾಣದ ಮುಳ್ಳುಗಳಿದ್ದವು. ನಾಲ್ಕು ಮುಳ್ಳು, ಒಂದು ಬಿಡುವು. ಮತ್ತೆ ನಾಲ್ಕು ಮುಳ್ಳು, ಒಂದು ಬಿಡುವು.

ಸೊಸೆ ಬುಟ್ಟಿಯಲ್ಲಿದ್ದ ಹೋಳನ್ನು ತಿರುಗಿಸಿ ನೋಡಿದಳು. ನಾಲ್ಕು ಮುಳ್ಳು, ಒಂದು ಬಿಡುವು.

“ಇದು ಯಾರ ಮನಿದು?”

“ಯಾರಿಗೆ ಗೊತ್ತು? ನಿಮ್ಮ ಊರಿಗೆ ಹೆಸರಿಡೂಕಿಂತ ಹಿಂದಿಂದು. ಮುಳ್ಳು ಮಾತ್ರ ನಮ್ಮ ಕೈದು,” ಎಂದು ಮುದುಕಿ ಆ ತುಂಡಿನ ಮೇಲೆ ಮರಳು ಎಳೆದು ಮುಚ್ಚಿದಳು.

ಗುಂಡಿನ ಇನ್ನೊಂದು ಭಾಗದಿಂದ ಅವಳು ಹೊಸ ಮೇಲುಗಲ್ಲನ್ನು ಕಟೆದಳು. ಎರಡು ದಿನ ಹಿಡಿಯಿತು. ಕೂಲಿಯನ್ನು ಕೇಳಲಿಲ್ಲ. ಒಡೆದ ಹೋಳುಗಳನ್ನು ಹೊಳೆಗೆ ಒಪ್ಪಿಸಿ ಹೋಗಬೇಕೆಂದಳು. “ಅವಕ್ಕೂ ಸರತಿ ಐತಿ,” ಎಂದಳು. ಸೊಸೆ ನೀರಿಗಿಳಿದು ಹೋಳುಗಳನ್ನು ಬಿಟ್ಟಳು. ನೀರು ಮೊಳಕಾಲುದ್ದವಿತ್ತು. ಅವು ತಳ ಮುಟ್ಟಿದ ಸದ್ದು ಕೇಳಿಸಲಿಲ್ಲ.

ಹೊಸ ಕಲ್ಲಿನ ಮೊದಲ ಹಿಟ್ಟನ್ನು ಮನೆಯವರು ಉಣ್ಣುವುದಿಲ್ಲ. ಸೊಸೆ ಅದನ್ನು ಹಿತ್ತಿಲಿನ ಇರುವೆಗೂಡಿನ ಬಳಿ ಸುರಿದಳು. ಇರುವೆಗಳು ಸಾಲಾಗಿ ಬಂದು ಹಿಟ್ಟಿನ ಸುತ್ತ ನಿಂತವು. ಒಂದೂ ಬಾಯಿ ಹಾಕಲಿಲ್ಲ. ಗಂಡನಿಗೆ ಏನೂ ತಿಳಿಯಲಿಲ್ಲ. ಗಂಡಸರು ರೊಟ್ಟಿಯನ್ನು ನೋಡುತ್ತಾರೆ, ಕಲ್ಲನ್ನು ನೋಡುವುದಿಲ್ಲ.

ಮೂರನೆಯ ದಿನ ಅತ್ತೆ ಬಂದಳು. ಕಾಲು ತೊಳೆದವಳೇ ಗೋಡೆ ಹಿಡಿದು ಬೀಸುಕಲ್ಲಿನ ಬಳಿ ಹೋಗಿ ಕುಳಿತಳು. ಅವಳ ಕೈ ಕಲ್ಲಿನ ಮೇಲೆ ಹರಿದಾಡಿತು. ಅಂಚಿನ ಮೇಲೆ ಹೋಯಿತು. ಗೂಟದ ಬುಡದಲ್ಲಿ ನಿಂತಿತು. ಸೊಸೆ ಎರಡೂ ಕೈಗಳಿಂದ ಹೊಟ್ಟೆಯನ್ನು ಮುಚ್ಚಿಕೊಂಡು ನಿಂತಿದ್ದಳು.

“ಸವದಿಲ್ಲ,” ಎಂದಳು ಅತ್ತೆ. “ನಾ ಹೇಳಿರಲಿಲ್ಲೇನು?”

ಆದರೆ ಕೈಯನ್ನು ತೆಗೆಯಲಿಲ್ಲ. ಬಹಳ ಹೊತ್ತು ಸವರುತ್ತಲೇ ಇದ್ದಳು. ಆಮೇಲೆ ತನಗೆ ತಾನೇ ಹೇಳಿಕೊಳ್ಳುವ ದನಿಯಲ್ಲಿ ಹೇಳಿದಳು:

“ಇವತ್ತು ಯಾಕೋ ನಮ್ಮತ್ತಿ ಕೈ ಹಿಡದಂಗ ಆಗತೈತಿ.”

ಸೊಸೆ ಆ ಮನೆಯಲ್ಲಿಯೇ ಉಳಿದಳು. ರೊಟ್ಟಿಯ ರುಚಿ ಬದಲಾಗಲಿಲ್ಲ. ಬೀಸುವಾಗ ಹಾಡುವುದನ್ನು ಮಾತ್ರ ಅವಳು ಬಿಟ್ಟುಬಿಟ್ಟಳು. ತಾನು ಹಾಡು ನಿಲ್ಲಿಸಿದ ಮೇಲೂ ಕಲ್ಲಿನೊಳಗೆ ಅದರ ಸೊಲ್ಲು ಮುಗಿಯುತ್ತಿರಲಿಲ್ಲ. ಕೂಸು ಹುಟ್ಟಿತು. ಅದಕ್ಕೆ ಆರೇಳು ತಿಂಗಳು ತುಂಬಿದವು. ಒಂದು ದಿನ ಅತ್ತೆ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು, ರೊಟ್ಟಿಯ ಚೂರನ್ನು ಹಾಲಿನಲ್ಲಿ ನೆನೆಸಿ ಮೊದಲ ತುತ್ತು ಇಟ್ಟಳು. ಕೂಸಿನ ಬಾಯಲ್ಲಿ ಕಿರ್ ಎಂದಿತು.

ಸೊಸೆ ಓಡಿ ಬಂದು ಹರಳು ತೆಗೆಯಲೆಂದು ಕೂಸಿನ ಬಾಯೊಳಗೆ ಬೆರಳು ಹಾಕಿದಳು. ಹರಳು ಸಿಗಲಿಲ್ಲ. ಮೊದಲ ಹಲ್ಲು ಸಿಕ್ಕಿತು.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಚನ್ನಮಲ್ಲನು ತನಗೆ ತಿಳಿಯದೆಯೇ ನಾಲಿಗೆಯನ್ನು ಹಲ್ಲುಗಳ ಮೇಲೆ ಆಡಿಸಿದನು. ಮಧ್ಯಾಹ್ನದ ಊಟದ ರುಚಿ ಬಾಯಲ್ಲಿ ಇನ್ನೂ ಇತ್ತು.

“ಅದು ಆ ಮನೆಯವರ ಕಲ್ಲು, ಗುರುಗಳೇ,” ಎಂದನು. “ನಾನು ಮನೆಯನ್ನು ಬಿಟ್ಟು ಬಂದವನು. ನನ್ನೊಳಗೆ ಯಾರ ಕಲ್ಲೂ ಇಲ್ಲ.”

ಗುರುಗಳು ಹೊರಬಾಗಿಲ ಕಡೆಗೆ ಕಣ್ಣು ತಿರುಗಿಸಿದರು.

“ಹಾಗಾದರೆ ಕಟ್ಟೆಯ ಮೇಲೆ ಕುಳಿತಿರುವ ನಿನ್ನ ಅಕ್ಕನನ್ನು ಕೇಳಿ ಬಾ, ಅವಳ ಬೀಸುಕಲ್ಲು ಈಗ ಎಷ್ಟು ಬೆರಳು ಉಳಿದಿದೆಯೆಂದು.”