ಖಾಲಿ ಬೀಸುಕಲ್ಲು

ಹಳೆಯ ಮರದ ಮನೆಯೊಂದನ್ನು ಊರವರು ವಸ್ತುಸಂಗ್ರಹಾಲಯ ಮಾಡಿದ್ದರು. ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿದ್ದ ಕತ್ತಿ ನೆಲದ ಮೇಲಿನ ಬೀಸುಕಲ್ಲಿಗೆ, "ನನ್ನನ್ನು ಯಾರೂ ಮುಟ್ಟುವಂತಿಲ್ಲ. ನಿನ್ನನ್ನೋ, ಬಂದವರೆಲ್ಲ ತಿರುಗಿಸಿ ಹೋಗುತ್ತಾರೆ" ಎಂದಿತು.

"ತಿರುಗಿಸಲಿ. ಆದರೆ ಖಾಲಿ ಬೀಸುಕಲ್ಲನ್ನು ತಿರುಗಿಸಬಾರದೆಂದು ಅವರಿಗೆ ತಿಳಿಯದು" ಎಂದಿತು ಬೀಸುಕಲ್ಲು.

ಆಗ ನೋಡಲು ಬಂದ ಮುದುಕಿ ಚೌಡಮ್ಮ ಅದರ ಗೂಟ ಹಿಡಿದವಳು ಹಾಗೆಯೇ ನಿಂತಳು. ಸೆರಗಿನಲ್ಲಿ ಕಟ್ಟಿಕೊಂಡಿದ್ದ ಹುರಿಗಡಲೆಯನ್ನು ಕಲ್ಲಿನ ಬಾಯಿಗೆ ಸುರಿದು, ಆಮೇಲೆ ತಿರುಗಿಸಿದಳು.

"ಅಜ್ಜಿ, ಅದು ನೋಡೋಕೆ ಇಟ್ಟಿರೋದು!" ಎಂದು ಕಾವಲುಗಾರ ಕೂಗಿದ.

"ಹಸಿದಿತ್ತು ಕಣಪ್ಪ" ಎಂದಳು.

ಕಲ್ಲಿನ ಸುತ್ತ ಬಿದ್ದ ಹಿಟ್ಟನ್ನು ಕತ್ತಿ ಬಹಳ ಹೊತ್ತು ನೋಡಿತು. "ನಾನೂ ಹಸಿದಿದ್ದೇನೆ. ನನಗೂ ಯಾರಾದರೂ ಬರುವರೇ?"

"ಬಾರದಿರಲೆಂದೇ ನಿನಗೆ ಗಾಜು ಹಾಕಿದ್ದಾರೆ" ಎಂದಿತು ಬೀಸುಕಲ್ಲು.