ಎರಡು ಗುಡ್ಡಗಳ ನಡುವಿನ ತಗ್ಗು

ಇದು ನಮ್ಮ ಗುರುಗಳು ಹೇಳಿದ ಕತೆ. ಅವರು ಹೇಳಿದಾಗ ಇನ್ನೂ ಚಿಕ್ಕದಾಗಿತ್ತು. ನನಗೆ ಬರೆದು ರೂಢಿಯಿಲ್ಲ. ಬೇಡದ ಕಡೆ ವಿವರಿಸಿದ್ದರೆ ಓದುವವರು ಮನ್ನಿಸಬೇಕು.

ಒಬ್ಬ ಶಿಷ್ಯ ಕೇಳಿದ: "ಗುರುಗಳೇ, ಕಾಡನ್ನು ಗುರುತಿಸಿ ಕಾಯುವ ಕಾನೂನು ಬರುತ್ತದಂತೆ. ಸರ್ಕಾರದ ನೆಲಕ್ಕಷ್ಟೇ ಅಲ್ಲ, ಸ್ವಂತ ನೆಲಕ್ಕೂ ಅನ್ವಯಿಸುತ್ತದಂತೆ. ನಮ್ಮ ಹೊಲದಂಚಿನಲ್ಲಿ ಒಂದಿಷ್ಟು ಕಾಡಿದೆ. ಕಾನೂನು ಬರುವ ಮೊದಲೇ ಕಡಿಸಿಬಿಡೋಣ ಎಂದು ಅಣ್ಣ ಹೇಳಿಕಳಿಸಿದ್ದಾನೆ. ಏನು ಹೇಳಲಿ?"

ಗುರುಗಳು ಕಡಿಸು ಎನ್ನಲಿಲ್ಲ, ಬೇಡವೆನ್ನಲಿಲ್ಲ. ಈ ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನ ಹೊಲದ ಪೂರ್ವಕ್ಕೊಂದು ಗುಡ್ಡ, ಪಶ್ಚಿಮಕ್ಕೊಂದು ಗುಡ್ಡ. ಎರಡರ ಮೇಲೂ ಅರಸನ ಕಾಡು. ನಡುವೆ, ರೈತನ ನೆಲದಲ್ಲೇ, ಒಂದು ತಗ್ಗು. ಅದರ ತುಂಬ ಮರ, ಬಿದಿರು, ಬಳ್ಳಿ. ರೈತನ ಅಜ್ಜ ಅಲ್ಲಿ ಕೊಡಲಿ ಇಟ್ಟವನಲ್ಲ. ಅಪ್ಪನೂ ಇಟ್ಟವನಲ್ಲ. ಅಲ್ಲಿ ದೇವರಿದೆ ಎಂದು ಕೆಲವರು ತಿಳಿದಿದ್ದರು. ದೇವರ ಕಲ್ಲೇನೂ ಇರಲಿಲ್ಲ. ಸುಮ್ಮನೆ ಬಿಟ್ಟಿದ್ದರು, ಅಷ್ಟೇ. ಜಿಂಕೆಗಳು ಈ ಗುಡ್ಡದಿಂದ ಆ ಗುಡ್ಡಕ್ಕೆ ಆ ತಗ್ಗಿನೊಳಗೇ ದಾಟುತ್ತಿದ್ದವು. ಹೋಗುವಾಗ ಒಂದಿಷ್ಟು ಬೆಳೆ ಮೇಯುತ್ತಿದ್ದವು. ಮನೆಯವರು ಅದನ್ನು ದೊಡ್ಡದು ಮಾಡುತ್ತಿರಲಿಲ್ಲ.

ರಾಜ್ಯದಲ್ಲಿ ಕಾಡು ಕುಗ್ಗುತ್ತಿರುವುದು ಅರಸನಿಗೆ ತಿಳಿಯಿತು. ಉಳಿದದ್ದು ಯಾರ ನೆಲದಲ್ಲೇ ಇರಲಿ, ಗುರುತಿಸಿ ಕಾಯಬೇಕು ಎಂದು ಆಜ್ಞೆ ಬರೆಸಿದ. ಆಜ್ಞೆ ಉದ್ದವಿತ್ತು. ಡಂಗುರದವನು ಹನ್ನೆರಡು ಹಳ್ಳಿ ಸುತ್ತಬೇಕಿತ್ತು. ಹಾಗಾಗಿ ಮೊದಲ ಸಾಲನ್ನಷ್ಟೇ ಸಾರಿದ: ಕಾಡಿರುವ ನೆಲವೆಲ್ಲ ಇನ್ನು ಅರಸರ ಕಾವಲಿಗೆ.

ಪಕ್ಕದ ಹೊಲದವನು ರೈತನನ್ನು ಕೆಣಕಿದ. "ಇನ್ನೇನು ಮಾವ, ಅರಸರ ಕಾವಲುಗಾರ ನಿನ್ನ ಹೊಲದಲ್ಲೇ ಗುಡಿಸಲು ಹಾಕುತ್ತಾನೆ. ಬುತ್ತಿ ಮಾತ್ರ ನಿನ್ನ ಮನೆಯದು."

ರೈತ ನಗಲಿಲ್ಲ. ಅವನಿಗೆ ಇದ್ದದ್ದು ಆ ಹೊಲವೊಂದೇ. ತಗ್ಗು ಹೋದರೆ ಹೊಲವೂ ಹೋದೀತು ಎಂದು ಹೆದರಿದ. ಕಾಡೇ ಇಲ್ಲದಿದ್ದರೆ ಅರಸ ಏನನ್ನು ಕಾಯುತ್ತಾನೆ ಎಂದುಕೊಂಡ. ಐದು ದಿನ ಕಡಿದ. ಆರನೆಯ ದಿನ ಬೆಂಕಿ ಇಟ್ಟ.

ಒಂಬತ್ತನೆಯ ದಿನ ಅಧಿಕಾರಿ ಬಂದ. ಆಜ್ಞೆಯನ್ನು ಪೂರ್ತಿ ಓದಿ ಹೇಳಿದ. ನೆಲ ರೈತನದೇ. ಹೊಲದ ಉಳುಮೆಯೂ ಅವನದೇ. ಕಾಡಿಗೆ ಕೊಡಲಿ ಇಡಬಾರದು, ಅಷ್ಟೇ. ಅರಸನ ಎರಡು ಕಾಡುಗಳನ್ನು ಒಂದು ಮಾಡಿದ್ದು ಆ ತಗ್ಗು. ಆದ್ದರಿಂದಲೇ ಅಧಿಕಾರಿ ಎಲ್ಲ ಬಿಟ್ಟು ಮೊದಲು ಅಲ್ಲಿಗೆ ಬಂದಿದ್ದ.

ಬೂದಿಯ ಅಂಚಿನಲ್ಲಿ ಗೊರಸಿನ ಗುರುತುಗಳಿದ್ದವು. ಜಿಂಕೆಗಳು ಅಲ್ಲಿಯವರೆಗೆ ಬಂದು ಹಿಂದಕ್ಕೆ ತಿರುಗಿದ್ದವು.

ರೈತ ಆ ಗುರುತುಗಳನ್ನು ನೋಡಿ ಹೇಳಿದ: "ಇದನ್ನು ಕಾಡೆಂದೇ ಬರೆದುಕೊಳ್ಳಿ ಸ್ವಾಮಿ. ಇನ್ನು ಮೇಲೆ ಮುಟ್ಟುವುದಿಲ್ಲ."

"ಯಜಮಾನರೇ," ಎಂದ ಅಧಿಕಾರಿ, "ಯಾರೂ ಮುಟ್ಟದೆ ಇದ್ದದ್ದನ್ನು ಬರೆದುಕೊಳ್ಳಲು ನಾನು ಬಂದದ್ದು."

ಕತೆ ಇಷ್ಟೇ. ಹಾಗಾದರೆ ತಪ್ಪು ಡಂಗುರದವನದಲ್ಲವೇ ಎಂದು ಶಿಷ್ಯ ಕೇಳಿದ. ಗುರುಗಳು ಬಿಡಿಸಿ ಹೇಳತೊಡಗಿದರು. ಅರ್ಧ ಸಾರಿದ್ದರಿಂದ ಡಂಗುರದವನದೂ ಹೌದು. ಜನರನ್ನು ಕೇಳದೆ ಬರೆಸಿದ್ದರಿಂದ ಅರಸನದೂ ಹೌದು. ರೈತನ ಮಾತು ಬೇರೆ, ಏಕೆಂದರೆ...

ಅಷ್ಟರಲ್ಲಿ ಯಾರೋ ಬಾಗಿಲಿಗೆ ಬಂದು, ಕೆಳಗಿನ ಕೇರಿಯ ಮುದುಕಿಗೆ ಉಸಿರು ಕಟ್ಟುತ್ತಿದೆ, ಗುರುಗಳು ಬರಬೇಕಂತೆ ಎಂದು ಕರೆದರು. ಗುರುಗಳು ಮಾತು ನಿಲ್ಲಿಸಿ ಎದ್ದರು. ಶಿಷ್ಯ ಹಿಂದೆಯೇ ಹೋಗಿ, ಅಣ್ಣನಿಗೆ ಏನು ಹೇಳಲಿ ಎಂದ. ಹೊಸ್ತಿಲು ದಾಟುತ್ತ ಅವರು ಒಂದೇ ಮಾತು ಕೇಳಿದರು.

"ಆ ರೈತನ ಅಜ್ಜ ಯಾವ ಆಜ್ಞೆಗೆ ಹೆದರಿ ಅದನ್ನು ಉಳಿಸಿದ್ದ?"